ಸಾರ್ವಜನಿಕರನ್ನು ಬಾಡಿಗೆಗೆ ಕೊಟ್ಟ ಬಸವಕುಮಾರ್

ಹಳೇಬೀಡಿನ ಬಸವಕುಮಾರನ ಗೋಡೌನಿನಲ್ಲಿ ಬಾಡಿಗೆಗೆ ಸಿಗದ ವಸ್ತು ಇರಲಿಲ್ಲ. ಶಾಮಿಯಾನ, ಕುರ್ಚಿ, ಮೈಕು, ಜನರೇಟರು, ಮದುಮಕ್ಕಳು ಕೂರುವ ಬೆಳ್ಳಿ ಬಣ್ಣದ ಸೋಫಾ, ಹೆಣ ಕೆಡದಂತೆ ಇಡುವ ಫ್ರೀಜರ್ ಪೆಟ್ಟಿಗೆ, ಎಲ್ಲವೂ ಇದ್ದವು. ಹಣೆ ತುಂಬ ವಿಭೂತಿ, ಜೇಬಿನಲ್ಲಿ ಎರಡು ಫೋನು ಇಟ್ಟುಕೊಂಡು ಓಡಾಡುವ ಅವನಿಗೆ ಸರ್ಕಾರಿ ಸಭೆಗಳೆಂದರೆ ವಿಶೇಷ ಪ್ರೀತಿ. ಅಲ್ಲಿ ಊಟ ಸರಿಯಿಲ್ಲವೆಂದು ಮುನಿಸಿಕೊಳ್ಳುವ ಬೀಗರು ಇರುವುದಿಲ್ಲ. ಆದರೆ ಜನರನ್ನೂ ಬಾಡಿಗೆಗೆ ಕೊಡಬಹುದೆಂಬುದು ಅವನಿಗೆ ತಾನಾಗಿ ಹೊಳೆದದ್ದಲ್ಲ. ಅದನ್ನು ತಲೆಗೆ ಹಾಕಿದವರು ಬೆಂಗಳೂರಿನ ಶರತ್ಚಂದ್ರ.

ಶರತ್ಚಂದ್ರ ಒಂದು ಸಲಹಾ ಕಂಪನಿಯ ಎಂಜಿನಿಯರು. 2050ನೇ ಇಸವಿಯಲ್ಲಿ ಈ ಸೀಮೆಯ ರಸ್ತೆ, ಬಸ್ಸು, ರೈಲು ಹೇಗಿರಬೇಕೆಂದು ಯೋಜನೆ ಬರೆದುಕೊಡುವ ಗುತ್ತಿಗೆ ಅವರದು. ಯೋಜನೆಯನ್ನು ಬೆಂಗಳೂರಿನಲ್ಲಿ ಕೂತು ಬರೆದು ಮುಗಿಸಿಯಾಗಿತ್ತು. ಜನರ ಅಭಿಪ್ರಾಯ ಕೇಳುವುದೊಂದು ಬಾಕಿ ಇತ್ತು. ಬೇಲೂರಿನ ಸಮುದಾಯ ಭವನದಲ್ಲಿ ಮೊದಲ ಸಭೆ ಕರೆದರು. ಸಭೆಯ ನೋಟೀಸನ್ನು ತಾಲ್ಲೂಕು ಕಚೇರಿಯ ಒಳಗೋಡೆಗೆ ಅಂಟಿಸಿ, ಅದರ ಮೇಲೆ ಯಾರೋ ಕ್ಯಾಲೆಂಡರು ನೇತುಹಾಕಿದ್ದರು. ಹೀಗಾಗಿ ಸಭೆಯ ಹೊತ್ತಿಗೆ ಭವನದಲ್ಲಿ ಇದ್ದದ್ದು ಅಧಿಕಾರಿಗಳು, ಅವರ ಡ್ರೈವರುಗಳು ಮತ್ತು ಬಸವಕುಮಾರನ ಖಾಲಿ ಕುರ್ಚಿಗಳು.

ಶರತ್ಚಂದ್ರ ಅವನನ್ನು ಪಕ್ಕಕ್ಕೆ ಕರೆದು, ವರದಿಗೆ ಫೋಟೋ ಬೇಕು, ಫೋಟೋದಲ್ಲಿ ಜನ ಇರಬೇಕು, ಕುರ್ಚಿ ತಂದವರೇ ಕುರ್ಚಿ ತುಂಬಿಸುವ ದಾರಿಯನ್ನೂ ಹೇಳಬೇಕು ಎಂದರು. ಬಸವಕುಮಾರನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಗಿರಾಕಿ ಕೇಳಿದ್ದನ್ನು ಇಲ್ಲವೆಂದು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಸಭೆಯನ್ನು ಮಧ್ಯಾಹ್ನಕ್ಕೆ ಮುಂದೂಡಿಸಿ, ತನ್ನ ಹುಟ್ಟೂರು ಚಿಕ್ಕತೊರೆಗೆ ಟೆಂಪೋ ಕಳಿಸಿದ.

ಚಿಕ್ಕತೊರೆ ಇರುವುದು ಜಾವಗಲ್ಲಿನಿಂದ ಹಳೇಬೀಡಿಗೆ ಬರುವ ರಸ್ತೆಯ ಪಕ್ಕದಲ್ಲಿ. ಅಲ್ಲಿದ್ದ ಅವನ ದೊಡ್ಡಮ್ಮ ಕಮಲಾಕ್ಷಮ್ಮ ಟೆಂಪೋ ತುಂಬ ಜನರನ್ನು ಹೊರಡಿಸಿಕೊಂಡು ಬಂದಳು. ಗಂಡ ತೀರಿಕೊಂಡ ಮೇಲೆ ತೆಂಗಿನ ತೋಟವನ್ನು ಒಬ್ಬಳೇ ನೋಡಿಕೊಂಡಿದ್ದ ಹೆಂಗಸು ಅವಳು. ಕೊಬ್ಬರಿಯ ದಲ್ಲಾಳಿಗಳು ಅವಳ ಮುಂದೆ ತಗ್ಗಿದ ದನಿಯಲ್ಲೇ ಮಾತಾಡುತ್ತಿದ್ದರು. ಬಸವ ಪುಳಿಯೋಗರೆ, ಕೇಸರಿಬಾತು ಕೊಡಿಸುತ್ತಾನಂತೆ, ಕೂತು ಎದ್ದು ಬಂದರಾಯಿತು ಎಂದು ಅವಳು ಊರವರಿಗೆ ಹೇಳಿದ್ದಳು. ಸಾಮಾನು ಹೇರುವ ಟೆಂಪೋದಲ್ಲಿ ಹಗ್ಗ ಹಿಡಿದು ನಿಂತು ಜನ ಬೇಲೂರು ತಲುಪಿ, ಮುಂದಿನ ಪೀಳಿಗೆಯ ಸುಖಕರ ಪ್ರಯಾಣದ ಬಗ್ಗೆ ಭಾಷಣ ಕೇಳಿದರು.

ಪರದೆಯ ಮೇಲೆ ಕರೆಂಟಿನ ಬಸ್ಸುಗಳು, ಗಾಜಿನ ನಿಲ್ದಾಣಗಳು ಓಡಾಡಿದವು. ಹಳೇಬೀಡಿನಲ್ಲಿ ಹೆಲಿಕಾಪ್ಟರು ಇಳಿಯಿತು. ಕೊನೆಗೆ ಗೋಡೆಗೆ ದೊಡ್ಡ ನಕ್ಷೆ ಅಂಟಿಸಿ, ಎಲ್ಲರ ಕೈಗೂ ಹಸಿರು ಚುಕ್ಕೆಯ ಸ್ಟಿಕ್ಕರು ಕೊಟ್ಟು, ನಿಮಗೆ ಎಲ್ಲಿ ಏನು ಬೇಕೋ ಅಲ್ಲಿ ಅಂಟಿಸಿ ಎಂದರು.

ಕಮಲಾಕ್ಷಮ್ಮನಿಗೆ ಬೇಕಾದದ್ದು ಒಂದೇ. ಅರಸೀಕೆರೆಯಿಂದ ಸಂಜೆ ಬರುವ ಸರ್ಕಾರಿ ಬಸ್ಸು ಹಿಂದೆ ಊರಿನ ದಾರಿ ರಸ್ತೆಗೆ ಕೂಡುವ ಚಿಕ್ಕತೊರೆ ಗೇಟಿನಲ್ಲಿ ನಿಲ್ಲುತ್ತಿತ್ತು. ಎಕ್ಸ್‌ಪ್ರೆಸ್ ಎಂಬ ಬೋರ್ಡು ತಗುಲಿಸಿಕೊಂಡ ಮೇಲೆ ನಿಲ್ಲುವುದನ್ನು ಬಿಟ್ಟಿತ್ತು. ವೇಗ ಮಾತ್ರ ಮೊದಲಿನಷ್ಟೇ ಇತ್ತು. ಅದು ನಿಲ್ಲಲಿ ಎಂದು ಅವಳು ಚುಕ್ಕೆ ಹಿಡಿದು ಹೋದರೆ ನಕ್ಷೆಯಲ್ಲಿ ಊರಿನ ಹೆಸರೇ ಇರಲಿಲ್ಲ. ಸಣ್ಣ ಊರುಗಳು ಈ ಅಳತೆಯಲ್ಲಿ ಕಾಣುವುದಿಲ್ಲವೆಂದು ಶರತ್ಚಂದ್ರ ವಿನಯದಿಂದ ವಿವರಿಸಿದರು. ಅವಳು ಅಂದಾಜಿನ ಮೇಲೆ ಖಾಲಿ ಜಾಗದಲ್ಲಿ ಅಂಟಿಸಿದಳು. ಹಿಂದೆ ಬಂದವರೆಲ್ಲ ಅವಳ ಚುಕ್ಕೆಯ ಸುತ್ತಲೇ ಅಂಟಿಸಿದರು. ಫೋಟೋ ಬಹಳ ಚೆನ್ನಾಗಿ ಬಂತು. ಶರತ್ಚಂದ್ರ ಬಸವಕುಮಾರನ ಕೈಕುಲುಕಿ, ಅರಸೀಕೆರೆಯ ಸಭೆಗೂ ಇಂಥದೇ ಜನ ಬೇಕೆಂದರು.

ಇಂಥದೇ ಜನ ಎಂದದ್ದಕ್ಕೆ ಬಸವಕುಮಾರ್ ಅವರನ್ನೇ ಕರೆದುಕೊಂಡು ಹೋದ. ಹೆಂಗಸರಿಗೆ ಬೇರೆ ಸೀರೆ ಉಡಲು, ಗಂಡಸರಿಗೆ ಟವೆಲ್ಲು ಬದಲಾಯಿಸಲು ಹೇಳಿದ್ದನ್ನು ಬಿಟ್ಟರೆ ಹೆಚ್ಚಿನ ವೇಷವೇನೂ ಬೇಕಾಗಲಿಲ್ಲ. ಬೇಲೂರಿನಲ್ಲಿ ನೋಡಿದ ಮುಖಗಳನ್ನು ಅಧಿಕಾರಿಗಳು ಗುರುತಿಸಲಿಲ್ಲ, ಏಕೆಂದರೆ ಬೇಲೂರಿನಲ್ಲೂ ಅವರು ನೋಡಿರಲಿಲ್ಲ.

ಅರಸೀಕೆರೆಯಲ್ಲಿ ಶರತ್ಚಂದ್ರ ತಿದ್ದಿದ ನಕ್ಷೆ ತೋರಿಸಿದರು. ಜಾವಗಲ್ಲಿಗೂ ಹಳೇಬೀಡಿಗೂ ನಡುವೆ ಒಂದು ದೊಡ್ಡ ಹಸಿರು ಮಚ್ಚೆ ಕಾಣಿಸಿಕೊಂಡಿತ್ತು. ಬೇಲೂರಿನ ಸಾರ್ವಜನಿಕರು ಆ ಜಾಗಕ್ಕೆ ಹಸಿರು ಚುಕ್ಕೆಗಳ ಸುರಿಮಳೆ ಸುರಿಸಿದ್ದರಿಂದ, ಅವರ ಆಸೆಯಂತೆ ಅಲ್ಲಿ ಮರ ಬೆಳೆಸಿ ಉದ್ಯಾನ ಮಾಡಲಾಗುವುದು, ಬಸ್ಸುಗಳು ಅದನ್ನು ಸುತ್ತುಬಳಸಿ ದೂರದಿಂದ ಹೋಗುವುವು ಎಂದು ಹೇಳಿದರು. ಅಧಿಕಾರಿಗಳು ಚಪ್ಪಾಳೆ ತಟ್ಟಿದರು.

ಕಮಲಾಕ್ಷಮ್ಮ ಎದ್ದು ನಿಂತಳು. ಹಿಂಬದಿಯಲ್ಲಿ ಮೈಕ್ ಸೆಟ್ಟಿನ ಪಕ್ಕದಲ್ಲಿದ್ದ ಬಸವಕುಮಾರ್ ಕೂತುಕೋ ಎಂದು ಕೈಸನ್ನೆ ಮಾಡಿದ. ಅವಳು ಅತ್ತ ನೋಡಲಿಲ್ಲ.

"ಅಲ್ಲಿ ನಮ್ಮೂರೈತೆ ಕಣಪ್ಪ," ಎಂದಳು. "ನಮ್ಮನ್ನ ಎಲ್ಲಿಗೆ ಕಳಿಸ್ತೀರಿ?"

"ಇದು ನಮ್ಮ ತೀರ್ಮಾನ ಅಲ್ಲಮ್ಮ. ಬೇಲೂರಿನ ಸಾರ್ವಜನಿಕರು ಕೇಳಿದ್ದು," ಎಂದರು ಶರತ್ಚಂದ್ರ.

"ಬೇಲೂರಿನ ಸಾರ್ವಜನಿಕರೂ ನಾವೇಯ. ನಾವು ಕೇಳಿದ್ದು ಬಸ್ಸು ನಿಲ್ಲಲಿ ಅಂತ."

ಒಬ್ಬ ಅಧಿಕಾರಿ ಕನ್ನಡಕ ತೆಗೆದು ಒರೆಸತೊಡಗಿದ. ಊಟ ತಣ್ಣಗಾಗುತ್ತದೆಂದು ಹೇಳಿ ಶರತ್ಚಂದ್ರ ಸಭೆ ಮುಗಿಸಿ, ಹೊರಗೆ ಬಸವಕುಮಾರನನ್ನು ಹಿಡಿದುಕೊಂಡರು. ಒಂದು ಒಳ್ಳೆಯ ಯೋಜನೆಯ ಮರ್ಯಾದೆ ತೆಗೆದಿರಿ, ಮಾತಾಡುವ ಜನರನ್ನು ಯಾರು ಕೇಳಿದ್ದರು, ಇನ್ನು ನಿಮ್ಮ ಕುರ್ಚಿಯೂ ಬೇಡ ಎಂದರು. ಅಷ್ಟು ಜನರೆದುರು ಬೈಸಿಕೊಂಡ ಬಸವಕುಮಾರ್ ಆ ಸಿಟ್ಟನ್ನು ದೊಡ್ಡಮ್ಮನ ಮೇಲೆ ತೀರಿಸಿಕೊಂಡ. ಟೆಂಪೋಗೆ ಕುರ್ಚಿ ಮಾತ್ರ ಹೇರಿ ಹೊರಟುಬಿಟ್ಟ. ಜನರಿಗೆ ಬಸ್ಸಿನಲ್ಲಿ ಬನ್ನಿ ಎಂದ.

ಅವರು ಆ ಸಂಜೆಯ ಬಸ್ಸನ್ನೇ ಹತ್ತಿದರು. ಗೇಟು ಬಂದಾಗ ಎಲ್ಲರೂ ಎದ್ದು ನಿಂತು ಕೂಗಿದರು. ಎಕ್ಸ್‌ಪ್ರೆಸ್ಸು ನಿಲ್ಲಿಸುವಂತಿಲ್ಲವೆಂದು ಕಂಡಕ್ಟರ್ ಕೈಚೆಲ್ಲಿದ. ಹಳೇಬೀಡಿನಲ್ಲಿ ಇಳಿದು, ಮಂಡಿ ನೋವಿನ ಹೆಂಗಸರೆಲ್ಲ ಬಂದ ದಾರಿಯನ್ನೇ ಹಿಂದಕ್ಕೆ ನಡೆದರು. ಬಸ್‌ಸ್ಟ್ಯಾಂಡಿನ ಹತ್ತಿರ ತರಕಾರಿ ಕೊಳ್ಳುತ್ತಿದ್ದ ಹೇಮಾಶ್ರೀ, ಬಸವಕುಮಾರನ ಹೆಂಡತಿ, ಅವರು ಹಾಗೆ ಸಾಲಾಗಿ ಹೋಗುವುದನ್ನು ಕಂಡಳು. ಕಾರಣ ಕೇಳಿದಳು. ಮನೆಗೆ ಹೋಗಿ ಗಂಡನಿಗೆ ಅನ್ನ ಬಡಿಸಿ, ಗೋಡೌನಿನ ಇನ್ನೊಂದು ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡಳು.

ಮರುದಿನ ಬಸವಕುಮಾರ್ ಬಾಣಾವರದಲ್ಲಿ ಒಂದು ಮದುವೆಗೆ ಶಾಮಿಯಾನ ಕಟ್ಟಿಸುತ್ತಿದ್ದಾಗ ಪೊಲೀಸ್ ಠಾಣೆಯಿಂದ ಫೋನು ಬಂತು. ಚಿಕ್ಕತೊರೆಯ ಜನ ಗೇಟಿನಲ್ಲಿ ರಸ್ತೆಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಕುರ್ಚಿಗಳ ಬೆನ್ನ ಮೇಲೆ ನಿಮ್ಮ ಹೆಸರಿದೆ ಎಂದರು. ಗೋಡೌನಿನ ಬೀಗ ತೆಗೆದುಕೊಟ್ಟವಳು ಹೇಮಾಶ್ರೀ. ಅವಳೂ ಮುಂದಿನ ಸಾಲಿನಲ್ಲೇ ಕೂತಿದ್ದಳು.

ಅವನು ಅಲ್ಲಿಗೆ ತಲುಪುವ ಹೊತ್ತಿಗೆ ಎರಡೂ ಕಡೆ ವಾಹನಗಳು ಸಾಲುಗಟ್ಟಿದ್ದವು. ಪ್ರವಾಸಿಗರು ಇಳಿದು ಎಳನೀರು ಕುಡಿಯುತ್ತಿದ್ದರು. ರಸ್ತೆ ತಡೆದ ಕೇಸು ನಿನ್ನ ಮೇಲೆ ಹಾಕಿಸಿಕೊಳ್ಳುವ ಬದಲು, ಜನ ಕುರ್ಚಿ ಕದ್ದಿದ್ದಾರೆಂದು ಬರೆದುಕೊಟ್ಟು ತಪ್ಪಿಸಿಕೋ ಎಂದು ಎಸ್‌ಐ ಅವನಿಗೇ ದಾರಿ ತೋರಿಸಿದರು. ಬಸವಕುಮಾರ್ ದೊಡ್ಡಮ್ಮನನ್ನು ನೋಡಿದ. ನಡೆದು ಊದಿದ ಕಾಲನ್ನು ಅವಳು ಇನ್ನೊಂದು ಕುರ್ಚಿಯ ಮೇಲೆ ಚಾಚಿಕೊಂಡಿದ್ದಳು.

"ಕದ್ದಿಲ್ಲ ಸಾರ್," ಎಂದ. "ನಾನೇ ಕೊಟ್ಟಿದ್ದು."

ಆಮೇಲೆ ಟೆಂಪೋದಿಂದ ಮೈಕನ್ನೂ ಇಳಿಸಿದ. ಮೈಕು ಬಂದದ್ದು ಕಂಡ ಮೇಲೆಯೇ ದೂರದಲ್ಲಿ ಜೀಪಿನಲ್ಲಿ ಕೂತಿದ್ದ ಬಸ್ ಡಿಪೋದ ಅಧಿಕಾರಿ ಓಡಿಬಂದದ್ದು. ಸಂಜೆ ಬಸ್ಸು ಗೇಟಿನಲ್ಲಿ ನಿಲ್ಲಿಸುವುದಾಗಿ ಅವರು ಅಲ್ಲೇ ಬರೆದು ಸಹಿ ಹಾಕಿಕೊಟ್ಟರು. ಬಸವಕುಮಾರನ ಮೇಲೆ ಕೇಸೂ ಬಿತ್ತು. ಈಗಲೂ ಬೇಲೂರಿನ ಕೋರ್ಟಿಗೆ ಅಲೆಯುತ್ತಾನೆ.

ಬಸ್ಸು ನಿಲ್ಲುತ್ತಿದೆ. ಯೋಜನೆಯ ಪುಸ್ತಕವೂ ನುಣುಪಾದ ಕಾಗದದಲ್ಲಿ ಅಚ್ಚಾಗಿ ಬಂತು. ಅದರಲ್ಲಿ ಚಿಕ್ಕತೊರೆ ಇನ್ನೂ ಉದ್ಯಾನವಾಗಿಯೇ ಇದೆ. ರಸ್ತೆಯಲ್ಲಿ ಜನ ಕೂತಿದ್ದ ಫೋಟೋವನ್ನು ಎಲ್ಲಿಂದಲೋ ಸಂಪಾದಿಸಿ ಮುಖಪುಟಕ್ಕೆ ಹಾಕಿ, ಯೋಜನೆಗೆ ಹಳ್ಳಿಗಳಲ್ಲಿ ದೊರೆತ ಸ್ವಯಂಪ್ರೇರಿತ ಬೆಂಬಲ ಎಂದು ಕೆಳಗೆ ಬರೆದಿದ್ದಾರೆ. ಬಸವಕುಮಾರ್ ಆ ಪುಸ್ತಕ ತಂದು ತೋರಿಸಿದಾಗ ಕಮಲಾಕ್ಷಮ್ಮ ತನ್ನ ಮುಖವನ್ನು ಹುಡುಕಿ, ಸೀರೆಯ ಬಣ್ಣ ಸರಿಯಾಗಿ ಬಂದಿಲ್ಲವೆಂದಳು.

ಈಗ ಅವನು ಯಾರೂ ಕರೆಯದಿದ್ದರೂ ಇಂಥ ಸಭೆಗಳಿಗೆ ಹೋಗುತ್ತಾನೆ. ಸುಮ್ಮನೆ ಕೂರುವುದಿಲ್ಲ, ಎದ್ದು ಪ್ರಶ್ನೆ ಕೇಳುತ್ತಾನೆ. ಅವನ ಹೆಸರು ಕೇಳಿದರೆ ಶರತ್ಚಂದ್ರ ಮುಖ ತಿರುಗಿಸುತ್ತಾರೆ. ಜನರನ್ನು ಒದಗಿಸುವ ಕೆಲಸ ಗಂಡಸಿ ಊರಿನ ಇನ್ನೊಬ್ಬ ಶಾಮಿಯಾನದವನಿಗೆ ಹೋಗಿದೆ. ಆ ಜನ ಬಹಳ ಒಳ್ಳೆಯವರಂತೆ, ಊಟ ಮುಗಿಯುವವರೆಗೂ ಬಾಯಿ ತೆರೆಯುವುದಿಲ್ಲವಂತೆ.