ಕೀನ್ಯಾದ ಪರವಾಗಿ

ಕಿತ್ತಳೆ ಸುಲಿದು ಹಳದಿಯಾದ ಉಗುರುಗಳಲ್ಲೇ ಮೇಡಂ ನನ್ನ ಪ್ರಬಂಧದ ಹಾಳೆ ತಿರುವುತ್ತಿದ್ದರು. ನ್ಯೂಯಾರ್ಕಿನ ಹತ್ತಿರದ ಪಿಸ್ಕಾಟವೇಯ ಯೂನಿವರ್ಸಿಟಿಯಲ್ಲಿದ್ದ ಅವರ ಕೋಣೆಯಿಂದ ವಾಪಸ್ಸು ಬಂದ ನನ್ನ ಅಧ್ಯಾಯಗಳೆಲ್ಲ ಹಣ್ಣಿನಂಗಡಿಯ ಹಾಗೆ ಘಮ್ಮೆನ್ನುತ್ತಿದ್ದವು. ಮೈಸೂರಿನ ಮುಸ್ಲಿಂ ಮನೆತನದವರು, ನನ್ನ ಪಿಎಚ್.ಡಿ. ಗೈಡ್. ಕೀನ್ಯಾ ಮತ್ತು ಟಾಂಜಾನಿಯಾ ಎಂಬ ಅಕ್ಕಪಕ್ಕದ ದೇಶಗಳ ವಿದೇಶಾಂಗ ನೀತಿಯನ್ನು ಹೋಲಿಸುವುದು ನನ್ನ ವಿಷಯವಾಗಿತ್ತು.

ನನಗೋ ಟಾಂಜಾನಿಯಾ ಎಂದರೆ ಪ್ರಾಣ. ಆಫ್ರಿಕಾದ ದಕ್ಷಿಣ ಭಾಗದ ವಿಮೋಚನಾ ಹೋರಾಟಗಾರರಿಗೆ ಬಾಗಿಲು ತೆರೆದ ದೇಶ. ಪಶ್ಚಿಮದವರೊಡನೆ ಸ್ನೇಹ, ವ್ಯಾಪಾರ ಎಂದುಕೊಂಡಿದ್ದ ಕೀನ್ಯಾವನ್ನು ಪುಟಗಟ್ಟಲೆ ಬೈದಿದ್ದೆ. ಮೇಡಂ ಓದಿ ನಕ್ಕರು.

“ಕೀನ್ಯಾ ಏನಮ್ಮಾ, ನಿನ್ನ ವಾರಗಿತ್ತಿನಾ? ಇಷ್ಟೊಂದು ಕೋಪ! ಎದ್ದು ನಿಂತ್ಕೋ, ಕೀನ್ಯಾ ಪರವಾಗಿ ಮಾತಾಡು. ಅದಕ್ಕೆ ಏನು ಭಯ ಇತ್ತು, ಯಾರನ್ನ ನಂಬ್ಕೊಂಡಿತ್ತು, ಹೇಳು. ಆಮೇಲೆ ಬರಿ.”

ಎಲ್ಲ ವಿದ್ಯಾರ್ಥಿಗಳಿಗೂ ಇದೇ ಶಿಕ್ಷೆ. ತನಗೆ ಹಿಡಿಸದ ದೇಶದ ವಕಾಲತ್ತು ಮಾಡದೆ ಯಾರ ಅಧ್ಯಾಯವೂ ಪಾಸಾಗುತ್ತಿರಲಿಲ್ಲ.

ಬ್ಯಾಂಕುಗಳು ಮುಳುಗಿದ ಆ ವರ್ಷ ನ್ಯೂಯಾರ್ಕಿನಲ್ಲಿ ನನ್ನ ಗಂಡನ ಕೆಲಸ ಹೋಯಿತು. ಟೆಕ್ಸಸ್‌ನಲ್ಲಿ ಇನ್ನೊಂದು ಸಿಕ್ಕಿತು. “ವುಡ್‌ಬ್ರಿಡ್ಜಿನ ಈ ಮನೆ ಖಾಲಿ ಮಾಡಿ ಇಬ್ರೂ ಹೋಗೋಣ, ಓದಿದ್ದು ಸಾಕು” ಎಂದ. ನನಗೆ ಬಾಕಿ ಇದ್ದದ್ದು ಕೊನೆಯ ಅಧ್ಯಾಯ. ನಮ್ಮಿಬ್ಬರ ನಡುವೆ ಮಾತು ನಿಂತುಹೋಯಿತು. ಮೇಡಂ ಎದುರು ಕೂತು ಅವನನ್ನು ಬಾಯಿಗೆ ಬಂದಂತೆ ಬೈದೆ.

“ಸರಿ. ಈಗ ಅವನ ಪರವಾಗಿ ಹೇಳು” ಎಂದರು, ಕಿತ್ತಳೆ ತೊಳೆಯೊಂದನ್ನು ನನ್ನ ಕೈಗಿಡುತ್ತಾ.

“ನನ್ನ ಕೆಲಸ ಹೋಗಿದೆ... ಹೊಸ ಊರಿಗೆ ಒಬ್ಬನೇ ಹೋಗೋಕೆ ಭಯ ಆಗ್ತಿದೆ...” ಅವನಾಗಿ ಇಷ್ಟು ಹೇಳುವಷ್ಟರಲ್ಲೇ ನನಗೆ ಅಳು ಬಂತು.

“ನಾಳೆ ಅವನನ್ನೂ ಕರ್ಕೊಂಡು ಬಾ. ನಿನ್ನ ಪರವಾಗಿ ಅವನು ಮಾತಾಡ್ಲಿ.”

ಮುಖ ಗಂಟಿಕ್ಕಿಕೊಂಡೇ ಬಂದ. ಮೇಡಂ ಎದುರು ಕೂತ. ನನ್ನ ಪರವಾಗಿ, “ಇಷ್ಟು ವರ್ಷ ಕಷ್ಟಪಟ್ಟು ಓದಿದೀನಿ. ಈಗ ಬಿಡಿಸಿದ್ರೆ ಜನ್ಮದಲ್ಲಿ ಇವನನ್ನ ಕ್ಷಮಿಸಲ್ಲ” ಎಂದ. ನಾನು ಹೇಳದೆ ನುಂಗಿಕೊಂಡಿದ್ದ ಮಾತು ಅದು.

ಅವನು ಒಬ್ಬನೇ ಟೆಕ್ಸಸ್‌ಗೆ ಹೊರಟ. “ಮನೇಲಿ ಒಂದು ರೂಮ್ ಸುಮ್ನೆ ಬಿದ್ದಿದೆ” ಎಂದು ಮೇಡಂ ನನ್ನನ್ನು ತಮ್ಮ ಮನೆಗೇ ಕರೆದುಕೊಂಡು ಹೋದರು. ನಾನು ಬಾಯಿಬಿಟ್ಟು ಕೇಳುವ ಮೊದಲೇ ಮಾಂಸ ತಿನ್ನದ ನನ್ನ ಅಡುಗೆಗೆಂದು ಹೊಸ ಪಾತ್ರೆ ತಂದಿಟ್ಟಿದ್ದರು. ಆ ಮನೆಯಲ್ಲೇ ಅಧ್ಯಾಯ ಮುಗಿಯಿತು. ರಜೆ ಸಿಕ್ಕಾಗಲೆಲ್ಲ ಗಂಡ ಬಂದು ಹೋಗುತ್ತಿದ್ದ. ನನಗಿಂತ ಅವನಿಗೇ ಅವರು ಹೆಚ್ಚು ಬಡಿಸುತ್ತಿದ್ದರು.

ಕೆಲವು ವರ್ಷಗಳ ಮೇಲೆ ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ಅಳುತ್ತಾ ಕೂತಿದ್ದೆ, ವಿಮಾನದ ಟಿಕೆಟ್ ತೆಗೆದವನು ಅವನು. ಖಬರಸ್ತಾನದಲ್ಲಿ ದಫನ್ ಮುಗಿದ ಮೇಲೆ ಅಲ್ಲಿದ್ದ ಹಿರಿಯರೊಬ್ಬರು ನಮ್ಮ ಹತ್ತಿರ ಬಂದು, “ನೀವು ಅವರಿಗೆ ಏನಾಗ್ಬೇಕು?” ಎಂದು ಕೇಳಿದರು.

“ಸ್ಟೂಡೆಂಟ್ಸ್, ಅಂಕಲ್,” ಎಂದ ನನ್ನ ಗಂಡ. “ಇಬ್ಬರೂನೂ.”