ಕ್ಲಾರಿನೆಟ್‌ಗೆ ಒಪ್ಪುವ ಹಲ್ಲು

ನನ್ನ ಮುಂದಿನ ಹಲ್ಲು ಮುರಿದದ್ದು ಒಂದು ಕೊರಿಯರ್ ಪಾರ್ಸೆಲ್‌ನಿಂದ. ಕತ್ತರಿ ಅಡುಗೆಮನೆಯಲ್ಲಿತ್ತು. ಎದ್ದು ಹೋಗಿ ತರುವ ತಾಳ್ಮೆ ಯಾರಿಗಿದೆ? ಟೇಪಿನ ತುದಿಯನ್ನು ಹಲ್ಲಿಗೆ ಸಿಕ್ಕಿಸಿ ಎಳೆದೆ. ಟೇಪ್ ಬರಲಿಲ್ಲ, ಹಲ್ಲು ಬಂತು. (ಒಳಗಿದ್ದದ್ದು ಚಪಾತಿ ಮಣೆ. ತೀರಾ ಸಣ್ಣದು, ವಾಪಸ್ ಕಳಿಸಿದೆ.)

ಉಳಿದ ಬೇರನ್ನೂ ಕೀಳಬೇಕಾಯಿತು. ಆ ಜಾಗಕ್ಕೆ ಬ್ರಿಡ್ಜ್ ಹಾಕೋಣ ಎಂದರು ಬೆನ್ಸನ್ ಟೌನಿನ ಡಾಕ್ಟರ್. ಬ್ರಿಡ್ಜ್ ಎಂದರೆ ಗೊತ್ತಲ್ಲ, ಹೋದ ಹಲ್ಲಿನ ಜಾಗದಲ್ಲಿ ಒಂದು ಸುಳ್ಳು ಹಲ್ಲು. ಅದನ್ನು ಹಿಡಿದು ನಿಲ್ಲಿಸಲು ಅಕ್ಕಪಕ್ಕದ ಎರಡು ಗಟ್ಟಿ ಹಲ್ಲುಗಳನ್ನು ತೇಯ್ದು ಅವಕ್ಕೂ ಟೋಪಿ ತೊಡಿಸುವುದು. ಏನೂ ತಪ್ಪು ಮಾಡದ ಆ ಎರಡು ಹಲ್ಲುಗಳನ್ನು ತೇಯುವಾಗ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಆದರೆ ಬಾಯಲ್ಲಿ ಮೆಷಿನ್ ಇದ್ದಾಗ ಯಾರ ಮೇಲೆ ರೇಗುವುದು?

ಕಳೆದ ಮಂಗಳವಾರ ಬ್ರಿಡ್ಜ್ ಕೂರಿಸುವ ದಿನ. ಹನ್ನೊಂದಕ್ಕೆ ಅಪಾಯಿಂಟ್‌ಮೆಂಟ್. ಹೊಸ ತಿಪ್ಪಸಂದ್ರದಿಂದ ಆಟೋ ಹಿಡಿದು, ಹಲಸೂರಿನ ಸಿಗ್ನಲ್‌ಗಳಿಗೆಲ್ಲ ಶಾಪ ಹಾಕುತ್ತಾ, ಹತ್ತೂಮುಕ್ಕಾಲಿಗೇ ಹೋಗಿ ಕೂತೆ. ಹನ್ನೊಂದಾಯಿತು. ಹನ್ನೊಂದೂಕಾಲು. ಹನ್ನೊಂದೂವರೆ. ಕಾಲು ಕುಣಿಸಿದೆ, ಫೋನ್ ನೋಡಿದೆ, ಮೀನಿನ ತೊಟ್ಟಿಯ ಮುಂದೆ ನಾಲ್ಕು ಸಲ ಓಡಾಡಿದೆ. ಆಗ ಒಳಗಿನಿಂದ ಒಂದು ಸದ್ದು ಬಂತು. ಕೀಂಯ್!

ಡ್ರಿಲ್ ಸದ್ದಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಮತ್ತೆ ಕೀಂಯ್. ರಿಸೆಪ್ಷನ್ ಹುಡುಗಿ ಕಿವಿ ಮುಚ್ಚಿಕೊಂಡಳು.

"ಏನಮ್ಮಾ ಅದು?"

"ಕ್ಲಾರಿನೆಟ್ ಮೇಡಂ."

ಡೆಂಟಲ್ ಕ್ಲಿನಿಕ್ಕಿನಲ್ಲಿ ಕ್ಲಾರಿನೆಟ್! ನಾನು ಇನ್ನು ಕಾಯಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದೆ, ಜಗಳಕ್ಕೆಂದೇ.

ಕುರ್ಚಿಯಲ್ಲಿ ಅರವತ್ತರ ಆಸುಪಾಸಿನ ಒಬ್ಬರು. ಎದೆಯ ಮೇಲೆ ಕ್ಲಿನಿಕ್ಕಿನ ನೀಲಿ ಬಟ್ಟೆ, ಕೈಯಲ್ಲಿ ಕಪ್ಪು ಕ್ಲಾರಿನೆಟ್. ಪಕ್ಕದಲ್ಲಿ ನಮ್ಮ ಡಾಕ್ಟರ್, ಮೂವತ್ತೂ ದಾಟಿರದ ಹೆಣ್ಣುಮಗಳು, ಅಳುವುದೊಂದು ಬಾಕಿ.

"ಸಾರಿ ಮೇಡಂ, ಐದೇ ನಿಮಿಷ," ಎಂದರು ಡಾಕ್ಟರ್.

"ಅರ್ಧ ಗಂಟೆ ಆಯ್ತು ಕಣ್ರೀ!"

"ತಪ್ಪು ನಂದೇ, ಮಾಫ್ ಮಾಡಿ," ಎಂದರು ಕುರ್ಚಿಯವರು. "ಹಲ್ಲು ಬಂದೈತೆ, ಸ್ವರ ಬರ್ತಿಲ್ಲ."

ಅವರ ಹೆಸರು ಇನಾಯತ್. ಶಿವಾಜಿನಗರದ ಒಂದು ಬ್ಯಾಂಡಿನಲ್ಲಿ ನಲವತ್ತು ವರ್ಷದಿಂದ ಕ್ಲಾರಿನೆಟ್ ಊದುತ್ತಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಜಾರಿ ಬಿದ್ದು ಮುಂದಿನ ಹಲ್ಲು ಮುರಿದಿತ್ತು. ಡಾಕ್ಟರ್ ಅದಕ್ಕೊಂದು ಕ್ರೌನ್, ಅಂದರೆ ಹಲ್ಲಿನ ಟೋಪಿ, ಮಾಡಿಸಿ, ಹಿಂದಿನ ವಾರ ತಾತ್ಕಾಲಿಕವಾಗಿ ಅಂಟಿಸಿದ್ದರು. ಹಳೆಯ ಹಲ್ಲು ಒಂದಿಷ್ಟು ವಾಲಿತ್ತಂತೆ, ತುದಿ ಸವೆದಿತ್ತಂತೆ. ಹೇಗೂ ಹೊಸದು ತಾನೇ ಎಂದು ಡಾಕ್ಟರ್ ನೆಟ್ಟಗೆ, ಉದ್ದಕ್ಕೆ, ಚೆಂದಕ್ಕೆ ಮಾಡಿಸಿದ್ದರು. ಆದರೆ ಕ್ಲಾರಿನೆಟ್ ಊದುವವರು ಮೇಲಿನ ಹಲ್ಲುಗಳನ್ನು ಮೌತ್‌ಪೀಸ್ ಮೇಲೆ ಊರಿ ಹಿಡಿಯುತ್ತಾರೆ. ಹಲ್ಲು ಕೂದಲೆಳೆಯಷ್ಟು ಉದ್ದವಾದರೂ ತುಟಿಯ ಹಿಡಿತ ತಪ್ಪುತ್ತದೆ.

"ಭಾನುವಾರ ಫ್ರೇಜರ್ ಟೌನಲ್ಲಿ ಮದುವೆ ಐತೆ ಮೇಡಂ," ಎಂದರು ಇನಾಯತ್. "ಮಾಸ್ಟರ್ ಹೇಳ್ಬಿಟ್ರು, ಊದಕ್ಕಾಗ್ದಿದ್ರೆ ಗಿಲಕಿ ಹಿಡ್ಕೋ ಅಂತ."

ಬ್ಯಾಂಡಿನ ಕೊನೆಯ ಸಾಲಿನಲ್ಲಿ ಗಿಲಕಿ ಅಲ್ಲಾಡಿಸುವವರನ್ನು ನೋಡಿದ್ದೀರಲ್ಲ? ಅವರಲ್ಲಿ ಎಷ್ಟೋ ಜನ ಒಂದು ಕಾಲಕ್ಕೆ ಊದುತ್ತಿದ್ದವರಂತೆ. ಉಸಿರು ಸಾಲದಾದವರು, ಹಲ್ಲು ಹೋದವರು. ಒಮ್ಮೆ ಗಿಲಕಿ ಹಿಡಿದ ಮೇಲೆ ಮತ್ತೆ ಮುಂದಿನ ಸಾಲಿಗೆ ಯಾರೂ ಕರೆಯುವುದಿಲ್ಲವಂತೆ. ಜಗಳಕ್ಕೆ ಬಂದವಳು ಹೊರಗೆ ಹೋಗುವುದನ್ನೂ ಮರೆತು ಅಲ್ಲೇ ನಿಂತೆ.

"ಮೊದ್ಲೇ ಹೇಳ್ಬಾರ್ದಿತ್ತಾ ಅಂಕಲ್?" ಡಾಕ್ಟರ್ ಫೈಲ್ ತೆಗೆದು ತೋರಿಸಿದರು. "ಫಾರ್ಮಲ್ಲಿ ಉದ್ಯೋಗ ಬಿಸಿನೆಸ್ ಅಂತ ಬರ್ದಿದ್ದೀರಿ!"

ಇನಾಯತ್ ತಲೆ ತಗ್ಗಿಸಿದರು. "ಬ್ಯಾಂಡ್ ಅಂತ ಏನ್ ಬರೆಯೋದಮ್ಮಾ? ಮದುವೆ ಮನೇಲೂ ನಾವು ಗೇಟ್ ತನಕ ಅಷ್ಟೇ. ಗಂಡು ಒಳಗೆ ಹೋದ್ರೆ ನಮ್ ಕೆಲ್ಸ ಮುಗೀತು. ನಮ್ ಕಡೆ ಎಲ್ರೂ ಬಿಸಿನೆಸ್ ಅಂತಾನೇ ಬರೀತಾರೆ."

ಆಮೇಲೆ ಇನಾಯತ್ ಅವರೇ ಮೌತ್‌ಪೀಸ್ ಬಿಚ್ಚಿ ಡಾಕ್ಟರ್ ಕೈಗಿಟ್ಟರು. ನಲವತ್ತು ವರ್ಷ ಹಲ್ಲು ಊರಿ ಊರಿ ಅದರ ಮೇಲೆ ಎರಡು ಸಣ್ಣ ಗುಳಿ ಬಿದ್ದಿದ್ದವು. ಒಂದು ಆಳ, ಇನ್ನೊಂದು ಓರೆ.

"ನನ್ ಹಳೇ ಹಲ್ಲು ಇಲ್ಲೈತೆ, ನೋಡಿ."

ಡಾಕ್ಟರ್ ಕಣ್ಣು ಅರಳಿತು. ಆ ಗುಳಿಯ ಮೇಲೆ ಕಾರ್ಬನ್ ಹಾಳೆಯಂಥ ನೀಲಿ ಕಾಗದದ ಚೂರು ಇಟ್ಟು ಕಚ್ಚಿಸಿದರು. ಹಲ್ಲಿನಲ್ಲಿ ನೀಲಿ ತಾಗಿದ ಕಡೆ ತೇಯ್ದರು. "ಊದಿ." ಕೀಂಯ್. ಮತ್ತೆ ಕಾಗದ, ಮತ್ತೆ ತೇಯುವುದು. "ಊದಿ." ಕೀಂಯ್. ಜಾಸ್ತಿ ತೇಯ್ದರೆ ಹಲ್ಲೇ ಹಾಳು, ಹೊಸದು ಮಾಡಿಸಲು ಭಾನುವಾರದೊಳಗೆ ಸಮಯವಿಲ್ಲ. ಡಾಕ್ಟರ್ ಹಣೆಯಲ್ಲಿ ಬೆವರು. ನಾನಂತೂ ಕೂರಲಾರದೆ, ನಿಲ್ಲಲಾರದೆ, ಕೈ ಹಿಸುಕಿಕೊಳ್ಳುತ್ತಿದ್ದೆ.

ಆರನೆಯ ಸಲವೋ ಏಳನೆಯದೋ, ಒಂದು ಸ್ವರ ನಡುಗದೆ ಉದ್ದಕ್ಕೆ ಬಂತು. ಅಬ್ಬಾ! ಇನಾಯತ್ ಕಣ್ಣು ಮುಚ್ಚಿ ಉಸಿರು ಮುಗಿಯುವ ತನಕ ಅದನ್ನು ಬಿಡಲಿಲ್ಲ. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ?

"ನೋಡೋಕೆ ಸ್ವಲ್ಪ ಸೊಟ್ಟ ಆಯ್ತು ಅಂಕಲ್," ಎಂದು ಡಾಕ್ಟರ್ ಕನ್ನಡಿ ಹಿಡಿದರು.

ಅವರು ಕನ್ನಡಿಯ ಕಡೆ ತಿರುಗಲೇ ಇಲ್ಲ. "ನನ್ನ ಯಾರಮ್ಮಾ ನೋಡ್ತಾರೆ? ಕೇಳಿದ್ರೆ ಸಾಕು." ಹೊರಡುವ ಮುಂಚೆ ಫೈಲ್ ಕೇಳಿ ಪಡೆದು, ಬಿಸಿನೆಸ್ ಎಂಬುದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಕ್ಲಾರಿನೆಟ್ ಎಂದು ನಿಧಾನಕ್ಕೆ ಬರೆದರು.

ನನ್ನ ಸರದಿ ಬಂದಾಗ ಹನ್ನೆರಡು ದಾಟಿತ್ತು. ರೇಗಲು ಮನಸ್ಸಾಗಲಿಲ್ಲ. ಬ್ರಿಡ್ಜ್ ಸರಿಯಾಗಿಯೇ ಕೂತಿದೆ, ನೋಡಿದವರೆಲ್ಲ ನಿಜವಾದ ಹಲ್ಲಿನ ಹಾಗೇ ಇದೆ ಎನ್ನುತ್ತಾರೆ. ನನಗೆ ಮಾತ್ರ ಮಂಗಳವಾರದಿಂದ ನೆಮ್ಮದಿ ಇಲ್ಲ.

ಮೂರು ವರ್ಷದ ಹಿಂದೆ ನನ್ನ ಮಗಳ ಮದುವೆಗೂ ಬ್ಯಾಂಡ್ ಕರೆಸಿದ್ದೆವು. ಬಿಸಿಲಿನಲ್ಲಿ ಒಂದು ಗಂಟೆ ಊದಿದರು. ನಾವೆಲ್ಲ ಕುಣಿದೆವು, ಫೋಟೋ ತೆಗೆಸಿಕೊಂಡೆವು. ಗಂಡು ಒಳಗೆ ಬಂದ, ನಾನು ಆರತಿ ಎತ್ತಿದೆ. ಬಂದವರಿಗೆಲ್ಲ ಕೈ ಹಿಡಿದು, ಊಟ ಮಾಡ್ಕೊಂಡೇ ಹೋಗ್ಬೇಕು ಎಂದದ್ದು ಚೆನ್ನಾಗಿ ನೆನಪಿದೆ. ಈಗ ಮನೆಯಲ್ಲಿ ಒಬ್ಬೊಬ್ಬರನ್ನೂ ಕೇಳುತ್ತಿದ್ದೇನೆ, ಯಾರಿಗೂ ಗೊತ್ತಿಲ್ಲ: ಆ ಬ್ಯಾಂಡಿನವರು ಅವತ್ತು ಊಟ ಮಾಡಿದರಾ?