ಪೂರ್ಣಗೊಂಡ ದಾರಿ

ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದೆ. ಊಟದ ಬಿಡುವಿನಲ್ಲಿ ಪಕ್ಕದ ಮಿಷನ್ನಿನವಳು, ನಮ್ಮೂರಿಗೆ ಹತ್ತಿರದ ರೊಳ್ಳದ ಕಡೆಯವಳು, ಫೋನಿನಲ್ಲಿ ಸರ್ಕಾರದ ವೆಬ್‌ಸೈಟ್ ತೆರೆದು ನೋಡುತ್ತಿದ್ದಳು. ಊರೂರಿನ ಕಾಮಗಾರಿಗೆ ಆದ ಖರ್ಚೆಲ್ಲ ಅದರಲ್ಲಿ ಇರುತ್ತದಂತೆ. ನಮ್ಮೂರನ್ನೂ ನೋಡು ಎಂದೆ, ಸುಮ್ಮನೆ.

ಆಂಧ್ರಕ್ಕೆ ಸೇರಿದ ಮಡಕಶಿರಾ ಸೀಮೆಯ ನಮ್ಮೂರಿನ ಹೆಸರಿನ ಕೆಳಗೆ ತೆಲುಗಿನಲ್ಲಿ ಒಂದು ಪಟ್ಟಿ ಬಂತು. ಅದರಲ್ಲೊಂದು ಸಾಲು: ಸ್ಮಶಾನದ ದಾರಿ, ಹಳ್ಳಕ್ಕೆ ಮೋರಿ. ಎದುರಿಗೆ ‘ಪೂರ್ಣಗೊಂಡಿದೆ’ ಎಂದಿತ್ತು. ತಾರೀಕು ಅಪ್ಪ ಸಾಯುವುದಕ್ಕಿಂತ ಒಂದು ವರ್ಷ ಹಿಂದಿನದು.

ಅಪ್ಪನನ್ನು ಮಣ್ಣಿಗೆ ಒಯ್ದ ದಿನ ಆ ಹಳ್ಳದಲ್ಲಿ ಮೊಳಕಾಲುದ್ದ ನೀರಿತ್ತು. ಮೋರಿಯೂ ಇರಲಿಲ್ಲ, ದಾರಿಯೂ ಇರಲಿಲ್ಲ. ಚಟ್ಟದ ಹಿಂದಿದ್ದ ಒಬ್ಬರ ಕಾಲು ಜಾರಿ ಅಪ್ಪನ ಪಾದ ನೀರಿಗೆ ತಾಗಿತು. ಅಮ್ಮ ಈಚೆ ದಡದಲ್ಲಿ ನಿಂತು ನೋಡಿದಳು.

ಆ ಶನಿವಾರ ರಜೆ ಹಾಕಿ ಊರಿಗೆ ಹೋದೆ. ನಮ್ಮ ವಾರ್ಡಿನ ಸದಸ್ಯರು ಅಪ್ಪನ ಜೊತೆ ಕುರಿ ಮೇಯಿಸಿ ಬೆಳೆದವರು, ನಾನು ಮಾವ ಎಂದೇ ಕರೆಯುವುದು. ಚಟ್ಟಕ್ಕೆ ಮುಂದೆ ಹೆಗಲು ಕೊಟ್ಟವರೂ ಅವರೇ. ಜಗಲಿಯ ಮೇಲೆ ಕೂತಿದ್ದರು. ಫೋನು ತೋರಿಸಿದೆ. ಕನ್ನಡಕ ಇಲ್ಲ, ನೀನೇ ಓದು ಎಂದರು. ಓದಿದೆ. ಆಮೇಲೆ, ಗುತ್ತಿಗೆದಾರ ಕೆಲಸ ಮುಗಿದಿದೆ ಎಂಬ ಕಾಗದ ತಂದಿದ್ದ, ಕೆಲಸ ಇವತ್ತಲ್ಲ ನಾಳೆ ಆಗುತ್ತದೆ ಎಂದಿದ್ದ, ಸಹಿ ಹಾಕಿದೆ ಎಂದರು.

“ನೀರಿಗೆ ಇಳ್ದಾಗ ನೆನಪಾಗ್ಲಿಲ್ವಾ ಮಾವ?” ಎಂದು ಕೇಳಿದೆ.

“ಮನೆ ಬಿಡುವಾಗ್ಲೇ ನೆನಪಾಯ್ತು ಕಣವ್ವ. ಅದ್ಕೇ ಮುಂದೆ ನಾನೇ ಹೆಗಲು ಕೊಟ್ಟೆ.”

ಬೈಯಲೆಂದೇ ಹೋಗಿದ್ದೆ. ಫೋನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಅಮ್ಮನಿಗೆ ಹೇಳಿದಾಗ ಅವಳು ಒಲೆಯ ಮುಂದಿಂದ ಏಳದೆ, ಅರ್ಜಿ ಬರಿ ಎಂದಳು. ಅದರಲ್ಲಿ ಮಾವನ ಹೆಸರೂ ಬರುತ್ತದಲ್ಲ ಎಂದೆ. ಬರಲಿ ಎಂದಳು. ಸೋಮವಾರವೂ ರಜೆ ಹಾಕಿ, ಅರ್ಜಿ ಹಿಡಿದು ಮಡಕಶಿರಾದ ಕಚೇರಿಗೆ ಹೊರಟಾಗ, ಯಾರು ಹೇಳಿದ್ದರೋ, ಮಾವ ಬಸ್‌ಸ್ಟಾಪಿನಲ್ಲಿ ಶುಭ್ರ ಅಂಗಿ ತೊಟ್ಟು ನಿಂತಿದ್ದರು. ನನ್ನ ಕೈಯಿಂದ ಕಾಗದ ತೆಗೆದುಕೊಂಡು, ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿ, ನನ್ನ ಜೊತೆಯೇ ಬಸ್ಸು ಹತ್ತಿದರು.

ವಿಚಾರಣೆಗೆ ಬಂದವರು ಟೇಪು ಹಿಡಿದು ಹಳ್ಳ ಅಳೆದರಂತೆ. ಊರವರೆದುರು ಮಾವ ನಡೆದದ್ದನ್ನೆಲ್ಲ ಹೇಳಿದರಂತೆ. ಅವರ ಸದಸ್ಯತ್ವ ಹೋಯಿತು. ಗುತ್ತಿಗೆದಾರನಿಗೆ ಏನಾಯಿತೋ ಯಾರೂ ಹೇಳಲಿಲ್ಲ. ಮರುವರ್ಷ ಮೋರಿಗೆ ಪೈಪು ಬಿತ್ತು, ಅರ್ಧ ದಾರಿಗೆ ಗ್ರಾವೆಲ್ಲು ಬಿತ್ತು. ಇದೆಲ್ಲ ನನಗೆ ಬೆಂಗಳೂರಿನಲ್ಲಿ ಫೋನಿನಲ್ಲೇ ತಿಳಿದದ್ದು.

ಮಾವ ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಯುಗಾದಿಗೆ ಊರಿಗೆ ಹೋದಾಗ ಅಮ್ಮ ಒಂದು ಡಬ್ಬಿಯಲ್ಲಿ ಹೋಳಿಗೆ ಹಾಕಿ, ಕೊಟ್ಟು ಬಾ ಎಂದಳು. ಬಾಗಿಲಲ್ಲೇ ನಿಂತು ಇಸಿದುಕೊಂಡರು. ಕೆಲಸ ಹೇಗಿದೆ, ಓವರ್‌ಟೈಮು ಜಾಸ್ತಿಯಾ ಎಂದು ಕೇಳಿದರು. ಹೂಂ ಎಂದೆ. ಒಳಗೆ ಬಂದು ಕೂತ್ಕೋ ಎಂದು ಅವರು ಹೇಳುವ ಹೊತ್ತಿಗೆ ನಾನು ಚಪ್ಪಲಿ ಬಿಟ್ಟಾಗಿತ್ತು.